ಪೆನ್ಸಿಲ್ ಲೆಕ್ಕ

ಏಳುನೂರು ಪೌಂಡಿಗೆ ಒಂದು ನಿಸ್ಸಾನ್ ಮೈಕ್ರಾ.
ಹಾರ್ಟ್ಲ್‌ಪೂಲಿನ ಗಾಳಿಗೆ ಬೆನ್ನು ಕೊಟ್ಟು
ಮನೆ ಮುಂದಿನ ಇಳಿಜಾರಿನಲ್ಲಿ ನಿಂತಿತ್ತು.
ಬಣ್ಣ: ಒಂದು ಕಾಲದ ನೀಲಿ.

ಮಾರುವವರು ರೆಗ್ ತ್ಯಾಕ್ರೇ, ಎಂಬತ್ತರ ಹತ್ತಿರ.
ನಾನು ಬಾಯಿ ತೆರೆಯುವ ಮೊದಲೇ
ಅದರ ಕುಂದುಗಳನ್ನೆಲ್ಲ ಒಪ್ಪಿಸಿದರು,
ಹೆಣ್ಣು ನೋಡಲು ಬಂದವರಿಗೆ
ಹುಡುಗಿಯ ಸಿಟ್ಟಿನ ಸಂಗತಿ
ಉಪ್ಪಿಟ್ಟಿಗೂ ಮುಂಚೆ ಹೇಳಿಬಿಡುವ ಚಿಕ್ಕಪ್ಪನ ಹಾಗೆ:
"ಎಡ ಕಿಟಕಿ ಇಳಿಯುತ್ತದೆ. ಏರುವುದು ಅದರ ಮರ್ಜಿ.
ಎರಡನೇ ಗೇರು ಚಳಿಗೆ ಹಟ ಮಾಡುತ್ತದೆ.
ಹೀಟರು ಮಾತ್ರ ಬಂಗಾರ."

ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುತ್ತಾರಲ್ಲ,
ನಾನೂ ಬಗ್ಗಿದೆ.
ಟೈರಿನ ಸಂದಿಗೆ ಇಪ್ಪತ್ತು ಪೆನ್ಸಿನ ನಾಣ್ಯ ತೂರಿಸಿದೆ,
ಅಂಚು ಮುಳುಗಿತು, ಪರವಾಗಿಲ್ಲ.
ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ
ಬಲ್ಲವಳಂತೆ ಮೂಸಿದೆ.
ಎಣ್ಣೆಗೆ ಎಣ್ಣೆಯದೇ ವಾಸನೆ.
ಐವತ್ತು ಇಳಿಸಿ ಅಂದೆ. ಇಳಿಸಿದರು.
ಅಷ್ಟು ಬೇಗ ಇಳಿಸಿದ್ದಕ್ಕೆ
ಕೇಳಬಾರದಿತ್ತು ಅನ್ನಿಸಿತು.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ
ಕಾಗದಕ್ಕೆ ಅಂಟಿಕೊಂಡ ಒಂದು ಪೆಪ್ಪರಮಿಂಟು,
ಮತ್ತೊಂದು ಕಿರುಪುಸ್ತಕ.
ಮೊದಲ ಹಾಳೆಯಲ್ಲಿ: "ಇದು ಡೋರೀನ್‌ದು. ರೆಗ್, ಮುಟ್ಟಬೇಡ."
ತಾರೀಖು, ಲೀಟರು, ಮೈಲಿ,
ಹದಿನೈದು ವರ್ಷದ ಪೆಟ್ರೋಲು ಪೆನ್ಸಿಲಿನಲ್ಲಿ.
ಅಂಚಿನಲ್ಲಿ ಆಗಾಗ ಒಂದೆರಡು ಮಾತು:
"ವಿಟ್ಬಿ. ಬರೀ ಮಂಜು."
"ಹೊಸ ಬ್ಯಾಟರಿ. ಹಗಲುದರೋಡೆ."
"ಮೊಲ ಅಡ್ಡ ಬಂತು. ಬದುಕಿತು."

ಒಂದು ಕಡೆ ಐದು ತಿಂಗಳು ಏನೂ ಇಲ್ಲ.
ಆಮೇಲೆ ಅಂಕಿಗಳ ಕೈಬರಹವೇ ಬೇರೆ,
ದಪ್ಪ, ಎಡಕ್ಕೆ ವಾಲಿದ್ದು.
ಅಂಚು ಖಾಲಿ.

ಪುಸ್ತಕ ಮರಳಿಸಲು ಹೋದೆ.
"ಅದು ಗಾಡಿಯದು" ಅಂದರು,
ಬಾಗಿಲು ಪೂರ್ತಿ ತೆರೆಯದೆ.

ಫೆಬ್ರವರಿಯ ಪರೀಕ್ಷೆಯಲ್ಲಿ ಗಾಡಿ ಫೇಲು.
ಇಲ್ಲಿ ಹಿಮದ ದಿನ ರಸ್ತೆಗೆಲ್ಲ ಉಪ್ಪು ಎರಚುತ್ತಾರೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಕಬ್ಬಿಣ ಕುಡಿದಿತ್ತು.
ಗ್ಯಾರೇಜಿನ ಕೀರನ್ ಬಾಗಿಲ ಕೆಳಗಿನ ಪಟ್ಟಿಗೆ
ಸ್ಕ್ರೂಡ್ರೈವರಿನ ತುದಿ ಇಟ್ಟ, ಅಷ್ಟೆ,
ಹಪ್ಪಳ ಮುರಿದ ಸದ್ದು.
"ವೆಲ್ಡಿಂಗಿಗೆ ನಾನೂರು, ಬ್ರೇಕಿಗೆ ನೂರೈವತ್ತು.
ಗುಜರಿಗೆ ಹಾಕಿ ಬೇರೆ ನೋಡಿ."

ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು.
ಗೊತ್ತು.
ವೃದ್ಧಾಶ್ರಮದಲ್ಲಿ ನನ್ನ ಪಾಳಿ ಮುಗಿಯುವುದು ಬೆಳಗಿನ ಆರಕ್ಕೆ,
ಆ ಕಡೆಗೆ ಮೊದಲ ಬಸ್ಸು ಏಳೂವರೆಗೆ.
ಅದೂ ಗೊತ್ತು.
"ವೆಲ್ಡಿಂಗ್ ನೀನು ಮಾಡು, ಬ್ರೇಕು ನನಗಿರಲಿ" ಅಂದೆ.
ಅವನು ನನ್ನ ಉಗುರು ನೋಡಿದ. ಜಾಕು ಎರವಲು ಕೊಟ್ಟ.

ಭಾನುವಾರ, ರಟ್ಟಿನ ಮೇಲೆ ಮಂಡಿಯೂರಿ
ಮೂರು ಬೋಲ್ಟು ಬಿಚ್ಚಿದೆ. ನಾಲ್ಕನೆಯದು ಕದಲಲಿಲ್ಲ.
ಎಣ್ಣೆ ಬಿಟ್ಟೆ. ಬೈದೆ, ಕನ್ನಡದಲ್ಲೇ,
ಬೇರೆ ಭಾಷೆಯ ಬೈಗುಳಕ್ಕೆ ಅಷ್ಟು ತೂಕವಿಲ್ಲ.
ಬೆರಳಗಂಟು ಸುಲಿಯಿತು.
ಚಹಾ ಮಾಡಿ ತಂದು ಚಕ್ರದ ಎದುರಿಗೆ ಕೂತೆ,
ಮುನಿಸಿಕೊಂಡ ಮಗುವಿನ ಎದುರು ಕೂರುವಂತೆ,
ಅದರ ಕಡೆ ನೋಡದೆ.
ಎರಡನೇ ಲೋಟ ಮುಗಿಸಿ ಪಾನಾ ಹಾಕಿದರೆ
ಏನೂ ಆಗಿಲ್ಲವೆಂಬಂತೆ ತಿರುಗಿತು.

ಇಳಿಜಾರಿನ ಕೊನೆಗೆ ಸಮುದ್ರ,
ಅದಕ್ಕೂ ಮೊದಲು ಕೆಂಪು ದೀಪ.
ಕಾಲು ಒತ್ತಿದೆ.
ಒಂದು ಕಿರುಚು, ಸುಟ್ಟ ವಾಸನೆ, ಗಾಡಿ ನಿಂತಿತು.
ನಿಂತಿತು ಅನ್ನುತ್ತೇನೆ. ನಿಲ್ಲಿಸಿದೆ ಅನ್ನಲು ಇನ್ನೂ ಧೈರ್ಯ ಸಾಲದು.

ಬಂಕಿನಲ್ಲಿ ಪುಸ್ತಕ ತೆಗೆದೆ.
ಪೆನ್ಸಿಲು ಅದರ ಬೆನ್ನಿಗೇ ಸಿಕ್ಕಿಸಿತ್ತು,
ಅರ್ಧ ಬೆರಳಿನಷ್ಟು, ತುದಿಯಲ್ಲಿ ಹಲ್ಲಿನ ಗುರುತು.
೩೧ ಲೀಟರು. ೧೦೪೨೧೭ ಮೈಲಿ.
ಡೋರೀನ್‌ಗೆ ಈ ಅಂಕಿ ಓದಲು ಬರುತ್ತಿರಲಿಲ್ಲ.
ಆದರೂ ಅಂಚಿನಲ್ಲಿ ಬರೆದೆ:
"ಎಡ ಕಿಟಕಿ ಇವತ್ತು ತಾನೇ ಏರಿತು.
ಅರ್ಧದವರೆಗೆ."