ಕಾಲಂ ಹನ್ನೊಂದು

ನೀಟ್ ಪರೀಕ್ಷೆಗೆ ಅಂಕವೊಂದಿದ್ದರೆ ಸಾಕು,
ನೀನು ಯಾರ ಕೈ ಹಿಡಿದೆ ಎಂದು ಅದು ಕೇಳುವುದಿಲ್ಲ.
ಕೇಳುವುದು ಫೀಸು ಕಟ್ಟುವ ಟ್ರಸ್ಟು.
ಅವರ ಅರ್ಜಿ, ಇಂಗ್ಲಿಷಿನಲ್ಲಿ, ಹನ್ನೊಂದನೆಯ ಕಾಲಂ:
ರೋಗಿಗಳೊಡನೆ ನಿಮಗಿರುವ ಅನುಭವ.
ಕೆಳಗೆ ಆರು ಖಾಲಿ ಗೆರೆ.

ನನಗೆ ಹತ್ತೊಂಬತ್ತು. ಪರೀಕ್ಷೆಗೆ ಇದು ಎರಡನೇ ಸುತ್ತು.
ನಾನು ಕಂಡ ರೋಗವೆಂದರೆ ಅಜ್ಜಿಯ ಮಂಡಿನೋವು,
ಅದಕ್ಕೂ ಮುಲಾಮು ಹಚ್ಚುತ್ತಿದ್ದದ್ದು ತಮ್ಮ.

ಕಾಮಾಕ್ಷಿಪಾಳ್ಯದ ಪಾರ್ಲರಿನಲ್ಲಿ
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಅಮ್ಮ ಅಂದಳು
(ಯಾರದೋ ಹುಬ್ಬು ಅರ್ಧಕ್ಕೆ ನಿಂತು ನನ್ನನ್ನೇ ನೋಡುತ್ತಿತ್ತು):
“ಕಾಸು ಆಮೇಲೆ. ಅರ್ಜೀಲಿ ಯಾವುದು ಚೆಂದ ಕಾಣತ್ತೋ ಅದಕ್ಕೆ ಸೇರು.”

ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಹಾಕಿದೆ.
ಬಸವೇಶ್ವರನಗರದ ಅವಳಿ ಹುಡುಗರಿಗೆ ಬಯಾಲಜಿ ಟ್ಯೂಷನ್:
ತಿಂಗಳಿಗೆ ಐದು ಸಾವಿರ, ಸಂಜೆಗೊಂದು ಪ್ಲೇಟು ಬೋಂಡ.
ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ ಎಂದು ಹೇಳಿಕೊಟ್ಟರೆ
ಯಾವ ಟ್ರಸ್ಟು ತಲೆದೂಗುತ್ತದೆ?
ಮಾಗಡಿ ರೋಡಿನ ಮೆಡಿಕಲ್ ಶಾಪು, ರಾತ್ರಿ ಹನ್ನೊಂದರವರೆಗೆ;
ಅಲ್ಲಿಗೆ ರೋಗಿ ಬರುವುದಿಲ್ಲ, ಚೀಟಿ ಬರುತ್ತದೆ.
ಹಾಸಿಗೆ ಹಿಡಿದ ರಿಟೈರ್ಡ್ ಮೇಷ್ಟ್ರ ಪಕ್ಕ ರಾತ್ರಿ ಕೂರುವ ಕೆಲಸ
ಕಾಲಂಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.
ಹೋದೆ. ಬಾಗಿಲವರೆಗೆ ಹೋಗಿ, ವಾಸನೆಗೆ ಹೆದರಿ ವಾಪಸು ಬಂದೆ.
ಮನೆಯಲ್ಲಿ, ಬಸ್ಸು ಸಿಗಲಿಲ್ಲ ಅಂದೆ.

ಉಳಿದದ್ದು ವಿಜಯನಗರದ ಬ್ಲಡ್ ಲ್ಯಾಬು.
ಬೆಳಿಗ್ಗೆ ಆರರಿಂದ ಒಂಬತ್ತು, ಸಂಬಳ ಅಷ್ಟಕ್ಕಷ್ಟೇ,
ಆದರೆ ಬಿಳಿ ಕೋಟು ಅವರೇ ಕೊಡುತ್ತಾರೆ.
ಉದ್ದ ತೋಳು ಎರಡು ಸುತ್ತು ಮಡಚಿ ಫೋಟೋ ತೆಗೆಸಿಕೊಂಡೆ,
ಅಮ್ಮ ಅದನ್ನು ಪಾರ್ಲರಿನ ಕನ್ನಡಿಗೆ ಸಿಕ್ಕಿಸಿದಳು.

ಕೆಲಸ ಇಷ್ಟೇ: ಹೆಸರು ಬರೆ, ಟ್ಯೂಬಿಗೆ ಅಂಟಿಸು,
“ರಾತ್ರಿಯಿಂದ ಏನೂ ತಿಂದಿಲ್ಲ ತಾನೇ?” ಅಂತ ಕೇಳು.
ತಿಂದಿಲ್ಲ. ತಿಂದಿಲ್ಲ. ಕಾಫಿ ಲೆಕ್ಕಾನಾ ಮೇಡಂ?
ಹಸಿದವರ ಸಾಲು ಮೆಟ್ಟಿಲಿಳಿದು ಮೆಟ್ರೋ ಕಂಬದವರೆಗೆ.
ಮೇಡಂ ಅನ್ನುವುದು ನನ್ನನ್ನೇ ಎಂದು ತಿಳಿಯಲು
ನನಗೆ ನಾಲ್ಕು ದಿನ ಹಿಡಿಯಿತು,
ರೂಢಿಯಾಗಲು ಒಂದೇ.

ಮೂರನೇ ವಾರ ಇಬ್ಬರು ಗಂಗಮ್ಮಂದಿರು ಬಂದರು,
ಒಬ್ಬರು ಎಚ್, ಒಬ್ಬರು ಎನ್.
ನಿದ್ದೆಗಣ್ಣಿನ ನನ್ನ ಇಂಗ್ಲಿಷ್ ಕೈಬರಹದಲ್ಲಿ
ಇಬ್ಬರೂ ಒಬ್ಬರೇ ಆಗಿಹೋದರು.
ಟೆಕ್ನಿಷಿಯನ್ ಸಗಾಯರಾಜ್ ಟ್ಯೂಬುಗಳನ್ನು ಬೆಳಕಿಗೆ ಹಿಡಿದು
“ಇದ್ಯಾರು, ಇದ್ಯಾರು?” ಅಂದ.
ಬೆಳಕಿಗೆ ಹಿಡಿದರೆ ರಕ್ತ ಹೆಸರು ಹೇಳುವುದಿಲ್ಲ.
ಎರಡನ್ನೂ ಚೆಲ್ಲಿ, ಮತ್ತೆ ಬನ್ನಿ ಎಂದು
ನಾನೇ ಫೋನು ಮಾಡಬೇಕಾಯಿತು.

ಎನ್. ಗಂಗಮ್ಮನ ಮಗ ಬೈದ, ಮನಸಾರೆ ಬೈದ.
ಎಚ್. ಗಂಗಮ್ಮ ಮಾತಾಡದೆ ಫೋನಿಟ್ಟರು.
ಬೆಳಿಗ್ಗೆ ಮೂರು ಮನೆಯ ಪಾತ್ರೆ ಬಿಟ್ಟು ಬಂದರು,
ಇನ್ನೊಂದು ರಾತ್ರಿ ಹಸಿದು,
ಸೂಜಿಯ ಕಲೆ ಮಾಯದ ಅದೇ ತೋಳು ಚಾಚಿದರು.
ನಾನು ಬಾಯಿ ತೆರೆಯುವ ಮೊದಲೇ ಅವರು:
“ನೀನು ತಿಂದ್ಯೇನವ್ವ?”

ತಿಂದಿದ್ದೆ. ಎರಡು ಇಡ್ಲಿ, ಒಂದು ವಡೆ.

ಅರ್ಜಿ ಈಗ ಮುಂದಿದೆ. ಐದು ಗೆರೆ ನಯವಾಗಿ ತುಂಬಿವೆ,
ಸೇವೆ ಎಂಬ ಮಾತು ಎರಡು ಸಲ ಬಂದಿದೆ.
ಆರನೆಯದರಲ್ಲಿ ಇದನ್ನು ಬರೆಯಲಾ ಎಂದರೆ
“ತಪ್ಪನ್ನ ಯಾರಾದ್ರೂ ಅರ್ಜೀಲಿ ಬರೀತಾರೇನೇ?”
ಅಮ್ಮ ರೇಗಿದ ರಭಸಕ್ಕೆ ದಾರ ತುಂಡಾಯಿತು,
ಕುರ್ಚಿಯಲ್ಲಿದ್ದವಳು ಹುಬ್ಬು ಮುಟ್ಟಿ ನೋಡಿಕೊಂಡಳು.

ಶನಿವಾರ ಕೊನೇ ದಿನ.
ಆರನೇ ಗೆರೆಯ ಮೇಲೆ ಒಂದೇ ಅಕ್ಷರ ಬರೆದು ಕೂತಿದ್ದೇನೆ,
ಎರಡು ಕಂಬ ನಿಲ್ಲಿಸಿ,
ನಡುವಿನ ಗೀಟು
ಓರೆಯಾಗದಂತೆ ಎಳೆದು.