ಆರನೆಯ ಹಾಳೆ

ಜೂಜುವಾಡಿ ಚೆಕ್‌ಪೋಸ್ಟ್ ದಾಟಿ ಎಡಕ್ಕೆ,
ರೋಜಾ ತುಂಬಿದ ಲಾರಿಗಳು ನಿಲ್ಲುವ ಗಲ್ಲಿಯ ಕೊನೆಗೆ
ನಮ್ಮ ಶೆಡ್ಡು.
ಮುಡಿದ ಹೂವನ್ನು ಹೊರಗೇ ತೆಗೆದಿಟ್ಟು
ನೆತ್ತಿಯಿಂದ ಹಿಮ್ಮಡಿಯವರೆಗೆ ಬಿಳಿ ತೊಟ್ಟು
ಒಳಗೆ ಹೋದರೆ ಮಾತಾಡುವಂತಿಲ್ಲ.
ಮಾತಿಗೂ ಎಂಜಲಿದೆ, ಅನ್ನುತ್ತಾನೆ ಚೆನ್ನಕೇಶವುಲು,
ಮೂರು ಭಾಷೆಯಲ್ಲೂ.

ಗಾಜಿನ ಮೇಲೆ ಇಂಗಾಲ ಕೂತಿದೆ,
ಐವತ್ತು ಪರಮಾಣು ದಪ್ಪ. ದಪ್ಪ ಅನ್ನಲು ನಾಚಿಕೆ.
ಓರೆಯಾಗಿ ನೀರಿಗೆ ಇಳಿಸುತ್ತೇನೆ.
ಗಾಜು ಮುಳುಗುತ್ತದೆ, ಇಂಗಾಲ ಕೈಬಿಟ್ಟು ತೇಲುತ್ತದೆ
ಆರಿದ ಟೀಯ ಕೆನೆಯ ನೆರಳಿನ ಹಾಗೆ.
ಕೆಳಗಿನಿಂದ ಜಾಲರಿ ತಂದು ಎತ್ತಬೇಕು.
ಉಸಿರು ಬಿಟ್ಟರೆ ಹೋಯಿತು.
ಐದು ಹೋದವು.
ಒಂದು ನನ್ನ ಸೀನಿಗೆ, ಒಂದು ಹೊಸೂರಿನ ಕರೆಂಟಿಗೆ,
ಮೂರಕ್ಕೆ ಕಾರಣ ಗೊತ್ತಿಲ್ಲ.

ಊಟದ ಹೊತ್ತಲ್ಲಿ ಎಳಿಲರಸಿ ಮೇಡಂ
ಚಿತ್ರಾನ್ನದ ಡಬ್ಬಿಯ ಮುಚ್ಚಳದ ಮೇಲೆ
ಬೆರಳಲ್ಲಿ ಬರೆದು ಹೇಳಿದರು:
ಸೂರ್ಯನ ಗಾಳಿ ಸೋತು ನಿಲ್ಲುವ ಅಂಚಿನಲ್ಲಿ
ಒಂದು ಪ್ರೋಟಾನು, ಎಳೆದಲ್ಲಿಗೆ ಸುತ್ತಿ ಸುತ್ತಿ ಸಾಕಾಗಿ,
ದಾರಿಹೋಕ ಪರಮಾಣುವಿನ ಕೈಯಿಂದ
ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ.
ಅಷ್ಟೇ. ಮತ್ತೆ ಯಾವ ಕಾಂತಕ್ಕೂ ಅದು ಕಿವಿಗೊಡದು.
ಹೊರಟ ಮುಖಕ್ಕೆ ನೆಟ್ಟಗೆ
ಒಂದು ವರ್ಷ, ಮೇಲೊಂದು ತಿಂಗಳು ನಡೆದು
ಬಂದರೆ ಇಲ್ಲಿಗೆ ಬರುತ್ತದೆ.
‘ಇಲ್ಲಿಗೆ’ ಅಂದಾಗ ನನ್ನ ಕೈ ನೋಡಿದರು.

ಬಂದದ್ದು ಅದೇ ಅಂತ ಹೇಗೆ ತಿಳಿಯೋದು, ಅಂದೆ.
ಹಾಳೆ ತೂರುವಾಗ ಒಂದು ಎಲೆಕ್ಟ್ರಾನು ಎಗರಬೇಕು,
ಹಿಂದಿನ ತಟ್ಟೆಗೆ ಬಡಿದಾಗ ಇನ್ನೊಂದು ಸದ್ದು.
ಎರಡೂ ಬಂದರೆ ಲೆಕ್ಕ.
ಒಂದೇ ಬಂದರೆ ಬರೀ ಬೆಳಕು,
ಬಾಗಿಲು ತಟ್ಟಿ ಓಡುವ ಹುಡುಗರ ಹಾಗೆ.
ಸೂರ್ಯನ ಎಲ್ಲೆ ಹುಡುಕುವ ಪೆಟ್ಟಿಗೆಗೆ
ಸೂರ್ಯನ ಬೆಳಕೇ ಆಗದು. ಒಳಗೋಡೆಗೆಲ್ಲ
ತಿಮ್ಮರಾಯಪ್ಪ ಕಪ್ಪು ಹತ್ತಿಸಿದ್ದಾನೆ,
ಸೌದೆ ಒಲೆಯ ಹಿಂದಿನ ಗೋಡೆಗಿಂತ ಕಪ್ಪು.

ಆರನೆಯದು ಎದ್ದಿತು.
ಅಂಚಿನಲ್ಲೊಂದು ಸುಕ್ಕು, ನಡುವೆ ಎರಡು ಸೂಜಿತೂತು.
ಸಾಕು, ಅಂದರು.
ರಿಜಿಸ್ಟರಿನಲ್ಲಿ ಬರೆದೆ: ಹಾಳೆ ೬, ತೂತು ೨,
ಎತ್ತಿದ್ದು ಮುನಿಲಕ್ಷ್ಮಿ.
ಹೊರಗೆ ಬಂದು ಹೂ ಮುಡಿದೆ. ಬಾಡಿತ್ತು.

ಬಾಗಲೂರು ಬಸ್ಸಿಗೆ ಕಾಯುತ್ತ ಲೆಕ್ಕ ಹಾಕಿದೆ.
ಪೆಟ್ಟಿಗೆ ಮೇಲೆ ಹೋಗಲು ಮೂರು ವರ್ಷ ಇದೆಯಂತೆ.
ಹಾಗಾದರೆ ನನ್ನ ಹಾಳೆ ತೂರುವ ಪರಮಾಣು
ಇನ್ನೂ ಹೊರಟಿಲ್ಲ.
ಅದರ ಎಲೆಕ್ಟ್ರಾನು
ಈ ಹೊತ್ತಿಗೆ ಬೇರೆ ಯಾರ ಬಳಿಯೋ ಇದೆ.