ಮೂರು ಮುಚ್ಚಿ ಒಂದು

ಎಲುಬಿಲ್ಲದ ನಾಲಿಗೆ ಅನ್ನುವುದು ಬರೀ ಮಾತಿಗೆ.
ಅರವತ್ತೆಂಟರಲ್ಲಿ ಗೊತ್ತಾಯಿತು ನನಗೆ,
ಅದಕ್ಕೂ ಮೊಣಕಾಲುಂಟು, ಬಗ್ಗಿಸಿದರೆ ನೋವು.

ಕ್ಲಿಂಗೆಂಥಾಲ್. ಮಂಗಳವಾರ, ಸಂಜೆ ಆರು.
ಶಾಲೆಯ ನೆಲಮಾಳಿಗೆಯಲ್ಲಿ ಸ್ಕೀ ಬೂಟುಗಳ ಒದ್ದೆ ವಾಸನೆ.
ಗಡಿಯಾಚೆಯಿಂದ ರೈಲು ಹಿಡಿದು ಬರುವ ವ್ಲಾಸ್ಟಿಮಿಲ್
ಮುರುಕು ಜರ್ಮನ್‌ನಲ್ಲಿ ಹೇಳುತ್ತಾನೆ:
ಬಾಯಿ ಅಗಲಿಸಿ, ಫ್ರೌ ಗೆರ್ಲಿಂಡೆ,
ಇಲಿಯ ಹಾಗೆ ಕಚ್ಚಬೇಡಿ, ಬ್ರೆಡ್ಡು ಕಚ್ಚುವ ಹಾಗೆ.
ನಾಲ್ಕು ತೂತೂ ಬಾಯೊಳಗಿರಲಿ.
ಎಡದ ಮೂರರ ಮೇಲೆ ನಾಲಿಗೆ ಒರಗಲಿ.
ಬಲಕ್ಕೆ, ತುಟಿಯ ಮೂಲೆಯಲ್ಲಿ, ಒಂದು ಸಂದು.
ಅಲ್ಲಿಂದ ಉಸಿರು. ಅಷ್ಟೇ.

ಅಷ್ಟೇ!

ಊದಿದರೆ ಎರಡು ಸ್ವರ ಒಟ್ಟಿಗೇ ಬಂದವು,
ಒಂದೇ ಬಾಗಿಲಲ್ಲಿ ನುಗ್ಗುವ ಓರಗಿತ್ತಿಯರ ಹಾಗೆ.
ಎರಡನೆಯ ಸಲ ಬರೀ ಗಾಳಿ.
ಮೂರನೆಯ ಸಲ ಜೊಲ್ಲು,
ಗದ್ದದಿಂದಿಳಿದು ಉಣ್ಣೆಯ ಸ್ಕಾರ್ಫಿಗೆ.
ಪಕ್ಕದಲ್ಲಿ ಒಂಬತ್ತು ವರ್ಷದ ಟಿಲ್ಮನ್ ಕಿಸಕ್ಕೆಂದ.

ನಗು ಮಗು, ನಗು. ಅಜ್ಜನ ಪೆಟ್ಟಿಗೆಯಿಂದ ನೀನು ತಂದ
ಆ ಹಳೆಯ ಹಾರ್ಮೋನಿಕಾದ ಮೈಯೊಳಗೆ
ನನ್ನ ಕೈಯ ಗೀರುಗಳಿರಬಹುದು.

ಮೂವತ್ತೊಂದು ವರ್ಷ ಕಾರ್ಖಾನೆಯ ಶ್ರುತಿಕೋಣೆಯಲ್ಲಿ ಕೂತೆ.
ಒಳಗೆ ನಡುಗುವ ಹಿತ್ತಾಳೆ ಪಟ್ಟಿಗಳಿಗೂ
ನಮ್ಮ ಮಾತಿನಲ್ಲಿ ನಾಲಿಗೆ ಎಂದೇ ಹೆಸರು.
ತುದಿ ಕೆರೆದರೆ ಸ್ವರ ಏರುತ್ತದೆ,
ಬುಡ ಕೆರೆದರೆ ಇಳಿಯುತ್ತದೆ,
ಒಂದು ಗೀರು ಹೆಚ್ಚಾಯಿತೋ, ಕಸದ ತೊಟ್ಟಿಗೆ.
ಎಷ್ಟು ಸಾವಿರ ನಾಲಿಗೆ ತಿದ್ದಿದೆನೋ ಲೆಕ್ಕವಿಲ್ಲ.
ಊದುತ್ತಿದ್ದದ್ದು ತಿದಿ, ನಾನಲ್ಲ.
ಬಾಯಿಗಿಟ್ಟರೆ ಸಂಬಳದಲ್ಲಿ ಕಡಿತ.

ಈಗ ನನ್ನದೊಂದನ್ನು ತಿದ್ದಲಾರೆ.
ಎಲ್ಲಿ ಕೆರೆಯಲಿ ಇದನ್ನು, ತುದಿಗೋ, ಬುಡಕ್ಕೋ?

ಮನೆಯಲ್ಲಿ ಆಲೂಗಡ್ಡೆ ಬೇಯುವಷ್ಟು ಹೊತ್ತು ಅಭ್ಯಾಸ.
ಕನ್ನಡಿಯೆದುರು ನಿಂತು, ಕೆನ್ನೆ ಉಬ್ಬದಂತೆ ಬೆರಳೊತ್ತಿ.
ನಾನು ಶುರುಮಾಡಿದರೆ ಎಕೆಹಾರ್ಡ್
ಹಿಮ ಎತ್ತಲು ಸಲಿಕೆ ಹಿಡಿದು ಹೊರಡುತ್ತಾನೆ.
ಹಿಮ ಬೀಳದ ದಿನವೂ.

ಐದನೆಯ ವಾರ ವ್ಲಾಸ್ಟಿಮಿಲ್ ಹೇಳಿದ:
ಒತ್ತಬೇಡಿ. ಮುಚ್ಚುವುದಕ್ಕೆ ಬಲ ಬೇಡ.

ಬಲ ಬೇಡವೇ?

ರಜೆಗೆಂದು ಹೋದ ತಂಗಿ ಇರ್ಮ್‌ಹಿಲ್ಡ್
ಮರಳಿ ಬಾರದ ವರ್ಷ
ನನ್ನನ್ನು ಮೇಲಿನ ಕಚೇರಿಗೆ ಕರೆದರು.
ಕಾಫಿ ಕೊಟ್ಟರು, ನಿಜವಾದ ಕಾಫಿ. ಆಮೇಲೆ ಕೇಳಿದರು.
ನನ್ನ ಬಾಯ್ತುಂಬ ಇತ್ತು:
ಅವಳು ದಾಟಿದ ಊರು, ದಾಟಿದ ರಾತ್ರಿ,
ಕರೆದೊಯ್ದವನ ಹೆಸರು.
ಮೂರರ ಮೇಲೂ ನಾಲಿಗೆಯನ್ನು ಅಗಲಕ್ಕೆ ಹಾಸಿ
ಮೂಲೆಯ ಸಂದಿನಿಂದ ಒಂದನ್ನೇ ಬಿಟ್ಟೆ,
ಗೊತ್ತಿಲ್ಲ.
ಎಂಥ ಶುದ್ಧ ಸ್ವರ ಅದು!
ಪಕ್ಕದ ತೂತಿನಿಂದ ಒಂದೆಳೆ ಗಾಳಿ ಸೋರಲಿಲ್ಲ.

ವ್ಲಾಸ್ಟಿಮಿಲನಿಗೆ ಇದನ್ನು ಹೇಳಲಿಲ್ಲ.
ಅವನ ಊರಿನಲ್ಲೂ ಅಂಥ ಕಾಫಿ ಕೊಡುತ್ತಿದ್ದರು.

ನಾಲಿಗೆಯನ್ನು ಸುಮ್ಮನೆ ಇಟ್ಟೆ,
ಮಲಗಿದ ಬೆಕ್ಕಿನ ಮೇಲೆ ಕೈಯಿಟ್ಟ ಹಾಗೆ.
ಬಂತು. ನಾಲ್ಕನೆಯ ತೂತು, ಒಂಟಿಯಾಗಿ,
ತೆಳ್ಳಗೆ, ತನ್ನದೇ ಕಾಲ ಮೇಲೆ ನಿಂತು.
ಟಿಲ್ಮನ್ ತಿರುಗಿ ನೋಡಿದ.

ಈಗ ಎತ್ತಿ, ಅಂದ ವ್ಲಾಸ್ಟಿಮಿಲ್,
ಉಸಿರು ನಿಲ್ಲಿಸದೆ, ನಾಲಿಗೆ ಮಾತ್ರ.
ಎತ್ತಿದೆ.
ಮುಚ್ಚಿದ್ದ ಮೂರೂ ಒಮ್ಮೆಲೇ ಎದ್ದು
ಒಂದರ ಜೊತೆ ಸೇರಿ
ನೆಲಮಾಳಿಗೆಯ ಕೊಳವೆಗಳೆಲ್ಲ ಗುಂಯ್‌ಗುಟ್ಟಿದವು.
ನಾನು ಎಷ್ಟು ಹೊತ್ತಾದರೂ ಇಳಿಸಲಿಲ್ಲ.
ಇಳಿಸಿ, ಇಳಿಸಿ, ಅನ್ನುತ್ತಿದ್ದ ಅವನು,
ತಾಳಕ್ಕೆ ಎತ್ತಿ ಇಳಿಸಬೇಕು.

ರಾತ್ರಿ ಬ್ರೆಮೆನ್‌ಗೆ ಫೋನು ಮಾಡಿ ನುಡಿಸಿ ತೋರಿಸಿದೆ.
ಯಾವ ಹಾಡೇ ಅದು, ಕೇಳಿದಳು ಇರ್ಮ್‌ಹಿಲ್ಡ್.
ಹಾಡಲ್ಲ, ನಾಲ್ಕು ತೂತು, ಅಂದೆ.

ಬುಧವಾರ ಬೆಳಿಗ್ಗೆ ಮತ್ತೆ ಓರಗಿತ್ತಿಯರ ಜಗಳ.
ಅಂಗೈಗೆ ತಟ್ಟಿ ಜೊಲ್ಲು ಉದುರಿಸಿ
ಇನ್ನೊಮ್ಮೆ ಕಿವಿಗೊಟ್ಟೆ:
ಎರಡನೆಯದರಲ್ಲಿ ಉಸಿರೆಳೆದರೆ ಸ್ವರ ಚೂರು ತಗ್ಗು.
ತಪ್ಪು ಇಲ್ಲಿ ನನ್ನದಲ್ಲ, ಹಿತ್ತಾಳೆಯದು.
ತುದಿಗೆ ಒಂದೇ ಒಂದು ಗೀರು ಸಾಕು.

ಎಕೆಹಾರ್ಡ್, ನನ್ನ ಸಣ್ಣ ಅರ ಎಲ್ಲಿಟ್ಟೆ?